ಶೆಲ್ಟರ್‌ನಲ್ಲಿ ಉಚಿತ ಮಸಾಜ್: ನಾವು ನಿಲ್ಲಿಸಬೇಕಾ?

ಪ್ರಶ್ನೆ: ನನಗೆ 38 ವರ್ಷ. ಬ್ಯೂಟಿ ಪಾರ್ಲರ್‌ನಲ್ಲಿ 11 ವರ್ಷ ಮಸಾಜ್ ಮಾಡಿದ್ದೇನೆ, ಕೋರ್ಸ್ ಮುಗಿಸಿದ ಸರ್ಟಿಫಿಕೇಟೂ ಇದೆ. ಇಬ್ಬರು ಗೆಳತಿಯರ ಜೊತೆ ಸೇರಿ ಬೆಂಗಳೂರಿನ ಮಾರ್ಕೆಟ್ ಹತ್ತಿರ, ಮನೆಯಿಲ್ಲದವರು ಮಲಗುವ ಒಂದು ರಾತ್ರಿ ತಂಗುದಾಣದಲ್ಲಿ (ಶೆಲ್ಟರ್) ಭಾನುವಾರ ಸಂಜೆ ಉಚಿತವಾಗಿ ಮಸಾಜ್ ಮಾಡಲು ಶುರು ಮಾಡಿದೆವು. ಅಲ್ಲಿರುವವರೆಲ್ಲ ಗಂಡಸರು. ಎರಡನೇ ವಾರ ಸುಮಾರು 55 ವರ್ಷದ ಒಬ್ಬರು ಬಂದರು. ಜಾಗ ಸಾಲದೆಂದು ಅವರ ಚೀಲವನ್ನು ಮೂಲೆಗಿಟ್ಟೆ. ಹಿಂದೆ ನಿಂತು ಭುಜ ಒತ್ತಿದೆ. ಸುಮ್ಮನಿದ್ದರು. ಕುತ್ತಿಗೆಗೆ ಕೈ ಹಾಕಿದ್ದೇ ತಡ, ಬೆಚ್ಚಿ ಎದ್ದು ನನ್ನ ಕೈ ತಳ್ಳಿದರು. ಚೀಲ ಎತ್ತಿಕೊಂಡು ಹೊರಟೇ ಹೋದರು. ಆ ರಾತ್ರಿ ಮಲಗಲೂ ಬರಲಿಲ್ಲವಂತೆ. ಒಬ್ಬ ಗೆಳತಿ, 'ಒಳಗಿನ ನೋವು ಹೊರಗೆ ಬರುವುದೇ ಹಾಗೆ, ನೀನು ಬಿಡದೆ ಮುಂದುವರಿಸಬೇಕಿತ್ತು' ಎನ್ನುತ್ತಾಳೆ. ಮನೆಯಲ್ಲಿ, 'ಕಜ್ಜಿ, ಟಿಬಿ ಏನಾದರೂ ಅಂಟಿಸಿಕೊಂಡು ಬರ್ತೀಯ' ಎಂದು ಜಗಳ. ಟ್ರಾಮಾ (ಮನಸ್ಸಿಗಾದ ಆಳವಾದ ಆಘಾತ) ಅನುಭವಿಸಿದವರಿಗೆ ಮಸಾಜ್ ಮಾಡಲು ಬೇರೆ ತರಬೇತಿ ಬೇಕು ಎಂದು ಎಲ್ಲೋ ಓದಿದೆ. ನಾನು ಅವರಿಗೆ ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದು ಮಾಡಿದೆನಾ? ನಾವು ನಿಲ್ಲಿಸಬೇಕಾ?

ಉತ್ತರ: ನಿಲ್ಲಿಸಬೇಡಿ. ಆದರೆ ಈಗ ಮಾಡುತ್ತಿರುವ ರೀತಿಯಲ್ಲಿ ಮುಂದುವರಿಸಲೂ ಬೇಡಿ. ಎರಡಕ್ಕೂ ಕಾರಣ ಹೇಳುತ್ತೇನೆ.

ನಾನು ಫಿಸಿಯೋಥೆರಪಿಸ್ಟ್. ಹಲವು ವರ್ಷಗಳಿಂದ ವಾರಕ್ಕೊಮ್ಮೆ ಶೆಲ್ಟರ್‌ಗಳಿಗೆ ಹೋಗುತ್ತಿದ್ದೇನೆ. ಮೊದಮೊದಲು ನನ್ನ ಕೈಯಡಿಯಿಂದಲೂ ಜನ ಎದ್ದು ಹೋಗಿದ್ದಾರೆ. ಆ ರಾತ್ರಿ ನಿದ್ದೆ ಬರುವುದಿಲ್ಲ, ಗೊತ್ತು. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ ಮಾತು ಅವರು ಎದ್ದು ಹೋದದ್ದಲ್ಲ. ಅದಕ್ಕೂ ಮೊದಲಿನದು: 'ಸುಮ್ಮನಿದ್ದರು.' ತೊಂದರೆ ಶುರುವಾದದ್ದು ಅಲ್ಲಿ.

ಪಾರ್ಲರ್‌ನಲ್ಲಿ ಗಿರಾಕಿ ಸುಮ್ಮನಾದರೆ ಹಾಯಾಗಿದೆ ಎಂದರ್ಥ. ದುಡ್ಡು ಕೊಟ್ಟು ಬಂದವರು ಅವರು. ನೋವಾದರೆ ಹೇಳುತ್ತಾರೆ, ಇಷ್ಟವಾಗದಿದ್ದರೆ ಮುಂದಿನ ಸಲ ಬರುವುದಿಲ್ಲ. ಶೆಲ್ಟರ್‌ನಲ್ಲಿ ಮೌನಕ್ಕೆ ಬೇರೆ ಅರ್ಥಗಳಿವೆ. 'ಬೇಡ ಅಂದರೆ ಇವತ್ತು ಮಲಗಲು ಜಾಗ ಕೊಡುತ್ತಾರೋ ಇಲ್ಲವೋ' ಎಂಬ ಭಯವಿರಬಹುದು. 'ಪಾಪ, ನಮಗೋಸ್ಕರ ಬಂದಿದ್ದಾರೆ' ಎಂಬ ಸಂಕೋಚವಿರಬಹುದು. ಇನ್ನೊಂದು ಇದೆ, ನಮ್ಮಂಥವರಿಗೆ ಗುರುತಿಸಲು ಕಷ್ಟವಾಗುವುದು ಅದೇ. ಹಿಂದೆ ಪೆಟ್ಟು ತಿಂದವರ ದೇಹ, ಓಡಲು ದಾರಿ ಇಲ್ಲ ಅನ್ನಿಸಿದಾಗ ಮರಗಟ್ಟಿ ಕೂರುತ್ತದೆ. ಉಸಿರು ಬಿಗಿಯಾಗುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ. ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ. ಹಿಂದೆ ನಿಂತವರಿಗೆ ಇದೊಂದೂ ಕಾಣುವುದಿಲ್ಲ. 'ರಿಲ್ಯಾಕ್ಸ್ ಆಗಿದ್ದಾರೆ' ಅಂದುಕೊಳ್ಳುತ್ತೇವೆ.

ಅವರಿಗೆ ಹಿಂದೆ ಏನಾಗಿತ್ತೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಆದರೆ ಬೀದಿಯಲ್ಲಿ ಮಲಗುವವರ ದಿನ ಹೇಗಿರುತ್ತದೆ ಎಂದು ಯೋಚಿಸಿ. ಮಲಗಿದ್ದವರನ್ನು ಎಬ್ಬಿಸುವುದು ಕಾಲಿನಿಂದ, ಇಲ್ಲವೇ ಲಾಠಿಯಿಂದ. ರಾತ್ರಿ ಮೈಮೇಲೆ ಕೈ ಬಿತ್ತೆಂದರೆ ಯಾರೋ ಜೇಬಿಗೋ ಚಪ್ಪಲಿಗೋ ಕೈ ಹಾಕಿದ್ದಾರೆ ಎಂದರ್ಥ. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಭಿಕ್ಷೆ ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಸೇರಿಸಲು ಅದು ಅವಕಾಶ ಕೊಡುತ್ತದೆ. ನಾವು ಆಸ್ತಿ ತೆರಿಗೆಯ ಜೊತೆ ಕಟ್ಟುವ ಭಿಕ್ಷುಕರ ಸೆಸ್ ಹೋಗುವುದು ಅದಕ್ಕೇ. ದುಡಿದು ತಿನ್ನುವವರಿಗೂ ಹಾಗೆ ಹಿಡಿದೊಯ್ಯುವ ವ್ಯಾನಿನ ಭಯ ಇದೆ, ಏಕೆಂದರೆ ಹಿಡಿಯುವ ಹೊತ್ತಿನಲ್ಲಿ ಯಾರು ಹಮಾಲಿ, ಯಾರು ಭಿಕ್ಷುಕ ಎಂದು ವಿಚಾರಿಸುವವರಾರು? ಹೀಗೆ ವರ್ಷಗಟ್ಟಲೆ ಬದುಕಿದ ಮೈಗೆ ಹಿಂದಿನಿಂದ ಕುತ್ತಿಗೆಗೆ ಬಂದ ಕೈ ಒಳ್ಳೆಯದೋ ಕೆಟ್ಟದೋ ಎಂದು ತೂಗಲು ಪುರುಸೊತ್ತಿರುವುದಿಲ್ಲ. ಬುದ್ಧಿ ಎಚ್ಚರಗೊಳ್ಳುವ ಮೊದಲೇ ಮೈ ಎದ್ದು ನಿಂತಿರುತ್ತದೆ.

ಅಲ್ಲಿಗೆ ಚೀಲವೂ ಕೈಗೆ ಸಿಗದಷ್ಟು ದೂರದಲ್ಲಿತ್ತು. ನಮಗೆ ಅದು ಚೀಲ. ಅವರಿಗೆ ಅದು ಆಧಾರ್ ಕಾರ್ಡು, ಔಷಧಿ, ಒಂದು ಜೊತೆ ಬಟ್ಟೆ, ಮನೆಯವರ ಫೋನ್ ನಂಬರ್ ಬರೆದ ಚೀಟಿ, ರಾತ್ರಿಗೆ ದಿಂಬು. ಚೀಲದ ಹಿಡಿಯನ್ನು ಕಾಲಿಗೆ ಸುತ್ತಿಕೊಂಡು ಮಲಗುವವರನ್ನು ನಾನು ಪ್ರತಿ ವಾರ ನೋಡುತ್ತೇನೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ತಪ್ಪಾಗಿದೆ. ಮನಸ್ಸು ಕೆಟ್ಟದಿರಲಿಲ್ಲ, ಕ್ರಮ ಸರಿ ಇರಲಿಲ್ಲ. ಅವರು ಎದ್ದು ಹೋದದ್ದರಲ್ಲಿ ಒಂದು ಸಮಾಧಾನವೂ ಇದೆ. 'ಬೇಡ' ಅನ್ನುವುದು ಅವರಿಗೆ ಸಾಧ್ಯವಾಯಿತು. ಎಷ್ಟೋ ಜನರಿಗೆ ಅದೂ ಆಗುವುದಿಲ್ಲ. ನನಗೆ ಚಿಂತೆ ಇರುವುದು ಅವರು ಆ ರಾತ್ರಿ ಮಲಗಲು ಬರಲಿಲ್ಲ ಎನ್ನುವುದರ ಬಗ್ಗೆ. ನಮ್ಮ ಸೇವೆಯಿಂದ ಒಬ್ಬರ ಹಾಸಿಗೆ ತಪ್ಪಬಾರದು. ನಾಳೆಯೇ ಶೆಲ್ಟರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ ಅವರು ವಾಪಸ್ ಬಂದರಾ ಎಂದು ಕೇಳಿ.

ಇನ್ನು ನಿಮ್ಮ ಗೆಳತಿಯ ಮಾತು. 'ನೋವು ದೇಹದಲ್ಲಿ ಕೂತಿರುತ್ತದೆ, ಒತ್ತಿ ಹೊರಗೆ ತೆಗೆಯಬೇಕು' ಎನ್ನುವುದು ಈಗ ಬಹಳ ಕಡೆ ಕೇಳಿಬರುವ ಮಾತು. ಅರ್ಧ ನಿಜ. ಟ್ರಾಮಾದ ಪರಿಣಾಮ ನಿದ್ದೆ, ಸ್ನಾಯು, ಎದೆಬಡಿತ, ಉಸಿರು ಎಲ್ಲದರಲ್ಲೂ ಕಾಣುತ್ತದೆ ಎನ್ನುವುದು ಸರಿ. ಆದರೆ ಅದು ಕೀವು ತುಂಬಿದ ಕುರು ಅಲ್ಲ, ಹಿಂಡಿದರೆ ಹೋಗಲು. ಹೆದರಿ ನಡುಗುತ್ತಿರುವವರನ್ನು ಹಿಡಿದು ಮುಂದುವರಿಸಿದರೆ ಅವರಿಗೆ ಗೊತ್ತಾಗುವುದು ಒಂದೇ: ಇಲ್ಲೂ ನನ್ನ ಮಾತು ನಡೆಯುವುದಿಲ್ಲ. ಅದು ಹಳೆಯ ಗಾಯದ ಮೇಲೆ ಹೊಸ ಪೆಟ್ಟು. ಮಸಾಜ್‌ನಿಂದ ಸ್ವಲ್ಪ ಹೊತ್ತಿನ ಮಟ್ಟಿಗೆ ಆತಂಕ ಕಡಿಮೆಯಾಗುತ್ತದೆ, ಬಿಗಿತ ಸಡಿಲವಾಗುತ್ತದೆ, ಕೆಲವರಿಗೆ ಅಂದು ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಅಷ್ಟೇ. ಬೀದಿಯಲ್ಲಿ ಬದುಕುವವರಿಗೆ ಒಂದು ರಾತ್ರಿಯ ನಿದ್ದೆ ಸಣ್ಣ ವಿಷಯವಲ್ಲ, ಆದರೆ ಅದನ್ನು ಚಿಕಿತ್ಸೆ ಎಂದು ಕರೆಯಬೇಡಿ. ಟ್ರಾಮಾಕ್ಕೆ ಚಿಕಿತ್ಸೆ ಕೊಡುವವರು ಅದಕ್ಕೆಂದೇ ಕಲಿತ ಮನೋವೈದ್ಯರು, ಮನಶ್ಶಾಸ್ತ್ರಜ್ಞರು.

ಸ್ಪರ್ಶದ ವಿಜ್ಞಾನ ಒಂದು ಮಾತು ಹೇಳುತ್ತದೆ, ನಿಮ್ಮ ಕೆಲಸಕ್ಕೆ ಉಪಯೋಗಕ್ಕೆ ಬರುತ್ತದೆ. ಮುಂಗೈ, ಬೆನ್ನಿನಂಥ ರೋಮವಿರುವ ಚರ್ಮದಲ್ಲಿ ನಿಧಾನವಾಗಿ ನೇವರಿಸುವುದಕ್ಕೇ ಸ್ಪಂದಿಸುವ ಒಂದು ಬಗೆಯ ನರಗಳಿವೆ. ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ವೇಗದಲ್ಲಿ ಕೈ ಸರಿದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಅಮ್ಮ ಮಗುವಿನ ಬೆನ್ನು ಸವರುತ್ತಾಳಲ್ಲ, ಆ ವೇಗ. ಆದರೆ ಅದೇ ಸ್ಪರ್ಶ ಹಿತವೋ ಭಯವೋ ಎಂದು ತೀರ್ಮಾನಿಸುವುದು ಮಿದುಳು. ಯಾರು ಮುಟ್ಟಿದರು, ಎಲ್ಲಿ ಮುಟ್ಟಿದರು, ಕೇಳಿ ಮುಟ್ಟಿದರಾ ಎಂದು ಅದು ನೋಡುತ್ತದೆ. ಕೈಚಳಕ ಎಷ್ಟೇ ಇರಲಿ, ಕೇಳದೆ ಮುಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ.

ಮನೆಯವರ ಭಯದ ವಿಷಯ. ಟಿಬಿ ಮುಟ್ಟಿದರೆ ಬರುವುದಿಲ್ಲ, ಗಾಳಿಯಿಂದ ಬರುತ್ತದೆ. ಕಿಟಕಿ ಬಾಗಿಲು ತೆರೆದಿರುವ ಜಾಗದಲ್ಲಿ ಕೂತುಕೊಳ್ಳಿ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಔಷಧಿ ಎರಡೂ ಉಚಿತ ಎಂದು ತಿಳಿಸಿ. ಕಜ್ಜಿ ಮಾತ್ರ ನಿಜಕ್ಕೂ ಚರ್ಮದಿಂದ ಚರ್ಮಕ್ಕೆ ಹರಡುತ್ತದೆ. ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ ತುರಿಕೆ, ರಾತ್ರಿ ಜಾಸ್ತಿ ಅಂದರೆ ಅವತ್ತು ಮಸಾಜ್ ಬೇಡ. ಮೊದಲ ಸಲ ಅಂಟಿದವರಿಗೆ ತುರಿಕೆ ಕಾಣಿಸಿಕೊಳ್ಳಲು 4ರಿಂದ 6 ವಾರ ಹಿಡಿಯುತ್ತದೆ, ಹಾಗಾಗಿ ಒಬ್ಬರಿಗೆ ಮುಲಾಮು ಕೊಟ್ಟರೆ ಸಾಲದು. ಜೊತೆಯಲ್ಲಿ ಮಲಗುವವರೆಲ್ಲ ಒಂದೇ ಸಲ ಹಚ್ಚಿಕೊಳ್ಳಬೇಕು, ಬಟ್ಟೆ ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆಯಬೇಕು. ಇದನ್ನು ಶೆಲ್ಟರ್‌ನವರೇ ಮಾಡಬೇಕಾಗುತ್ತದೆ, ಅವರಿಗೆ ಹೇಳಿ. ಪ್ರತಿಯೊಬ್ಬರ ನಂತರ ಸೋಪಿನಿಂದ ಕೈ ತೊಳೆಯಿರಿ. ಎಲ್ಲರ ನಂತರವೂ ತೊಳೆಯಿರಿ, ಕೆಲವರ ನಂತರ ಮಾತ್ರ ಅಲ್ಲ. ಅವರು ಗಮನಿಸುತ್ತಾರೆ.

ನಿಮ್ಮವರು ನಿಮಗೆ ಏನಾಗುತ್ತದೋ ಎಂದು ಹೆದರುತ್ತಿದ್ದಾರೆ. ನನಗೆ ಶೆಲ್ಟರ್‌ನಲ್ಲಿರುವವರಿಗೆ ಏನಾಗುತ್ತದೋ ಎಂಬ ಭಯ ಜಾಸ್ತಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒತ್ತಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಜಾರಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆ ಅಥವಾ ಕುಷ್ಠದಿಂದ ಪಾದಕ್ಕೆ ಸ್ಪರ್ಶ ಗೊತ್ತಾಗದವರು ಇರುತ್ತಾರೆ. ಅವರು 'ಇನ್ನೂ ಜೋರಾಗಿ ಒತ್ತಿ' ಅನ್ನುತ್ತಾರೆ, ಪಾದ ನೆನೆಸಿದರೆ 'ನೀರು ಬಿಸಿ ಇಲ್ಲ' ಅನ್ನುತ್ತಾರೆ. ನಂಬಬೇಡಿ, ನಿಮ್ಮ ಮೊಣಕೈ ಅದ್ದಿ ನೋಡಿ. ಕುಡಿದವರಿಗೆ ಮಸಾಜ್ ಬೇಡ, 'ಮುಂದಿನ ವಾರ ಬನ್ನಿ ಅಣ್ಣ' ಎಂದು ಮರ್ಯಾದೆಯಿಂದ ಕಳಿಸಿ. ಅವರ ಒಪ್ಪಿಗೆ ಆ ಹೊತ್ತಿನಲ್ಲಿ ಒಪ್ಪಿಗೆ ಅಲ್ಲ, ಬಿದ್ದು ತಲೆಗೆ ಪೆಟ್ಟಾಗಿದ್ದರೂ ತಿಳಿಯುವುದಿಲ್ಲ. ದಿನಾ ಕುಡಿಯುತ್ತಿದ್ದವರು ಎರಡು ಮೂರು ದಿನದಿಂದ ಬಿಟ್ಟು ಕೈ ನಡುಗುತ್ತಾ, ಬೆವರುತ್ತಾ, ಏನೇನೋ ಮಾತಾಡುತ್ತಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಇನ್ನು ಕುತ್ತಿಗೆ ತಿರುಗಿಸಿ ನೆಟಿಗೆ ತೆಗೆಯುವುದು ಯಾರಿಗೂ ಬೇಡ. ಕೇಳಿದರೂ ಬೇಡ. ಕುತ್ತಿಗೆಯಲ್ಲಿ ಮಿದುಳಿಗೆ ಹೋಗುವ ರಕ್ತನಾಳಗಳಿವೆ.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ. ನಮ್ಮಲ್ಲಿ 'ಮುಟ್ಟುವುದು' ಎನ್ನುವ ಪದವೇ ಹಗುರವಲ್ಲ. ಯಾರು ಯಾರನ್ನು ಮುಟ್ಟಬಹುದು, ಯಾರ ಕಾಲನ್ನು ಯಾರು ಒತ್ತಬೇಕು ಎಂಬುದು ಜಾತಿಯ ಜೊತೆ, ವಯಸ್ಸಿನ ಜೊತೆ, ಗಂಡು ಹೆಣ್ಣಿನ ಜೊತೆ ಹೆಣೆದುಕೊಂಡಿದೆ. ರಾಯಚೂರಿನಿಂದಲೋ ಯಾದಗಿರಿಯಿಂದಲೋ ಬಂದು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹಿರಿಯರ ಪಾದಕ್ಕೆ ನೀವು ಕೈ ಹಾಕಿದರೆ ಅವರು ಕಾಲು ಎಳೆದುಕೊಳ್ಳುತ್ತಾರೆ. 'ಬ್ಯಾಡ್ರೀ ಅಕ್ಕಾರ, ನೀವು ನಮ್ಮ ಕಾಲು ಮುಟ್ಟಬಾರದು' ಅನ್ನುತ್ತಾರೆ. ಜೀವನವಿಡೀ 'ಮುಟ್ಟಬೇಡ' ಕೇಳಿಸಿಕೊಂಡವರಿಗೆ ಯಾರೋ ಬಂದು ಮುಟ್ಟಿದಾಗ ಕಣ್ಣು ತುಂಬಿ ಬರುವುದನ್ನೂ ನೋಡಿದ್ದೇನೆ, ಸಿಟ್ಟು ಬರುವುದನ್ನೂ ನೋಡಿದ್ದೇನೆ. ಎರಡಕ್ಕೂ ಅವರಿಗೆ ಹಕ್ಕಿದೆ.

ಅಮೆರಿಕದ ಬಾಸ್ಟನ್ನಿನಲ್ಲಿ ನಡೆದ ಒಂದು ಸಂಗತಿ ನನಗೆ ಯಾವಾಗಲೂ ನೆನಪಾಗುತ್ತದೆ. 1985ರಲ್ಲಿ ಜಿಮ್ ಓಕಾನೆಲ್ ಎಂಬ ಯುವ ವೈದ್ಯರು ಪೈನ್ ಸ್ಟ್ರೀಟ್ ಇನ್ ಎಂಬ ಶೆಲ್ಟರ್‌ಗೆ ಕೆಲಸಕ್ಕೆ ಬಂದರು. ಅಲ್ಲಿನ ನರ್ಸ್ ಬಾರ್ಬರಾ ಮ್ಯಾಕಿನ್ನಿಸ್ ಈ ವೈದ್ಯರ ಸ್ಟೆತಾಸ್ಕೋಪ್ ಬದಿಗಿಡಿಸಿದರು. ಬಂದವರ ಪಾದಗಳನ್ನು ನೀರಿನಲ್ಲಿ ನೆನೆಸಿ ತೊಳೆಯುವ ಕೆಲಸಕ್ಕೆ ಹಚ್ಚಿದರು. ವೈದ್ಯರು ಕೆಳಗೆ, ಬಂದವರು ಮೇಲೆ ಕುರ್ಚಿಯಲ್ಲಿ. ಮಾತಾಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ. ವಾರಗಟ್ಟಲೆ ಮಾಡಿದ ಮೇಲೆ, ಯಾವ ಡಾಕ್ಟರನ್ನೂ ಹತ್ತಿರ ಬಿಡದವರು ತಾವಾಗಿ ಕಾಯಿಲೆ ಹೇಳಿಕೊಳ್ಳತೊಡಗಿದರು. ಆ ಕ್ರಮವನ್ನು ಇದ್ದ ಹಾಗೆ ಇಲ್ಲಿಗೆ ತರಲಾಗುವುದಿಲ್ಲ. ಅಲ್ಲಿ ಪಾದ ತೊಳೆದಾಗ ಸಲುಗೆ ಬೆಳೆಯಿತು. ಇಲ್ಲಿ ಅದೇ ಪಾದ ಮುಟ್ಟಿದರೆ ಹಿರಿಯರು ಮುದುಡಿ ಹೋಗುತ್ತಾರೆ. ತರಬೇಕಾದದ್ದು ಮೇಲೆ ಯಾರು ಕೂತಿದ್ದಾರೆ, ತೀರ್ಮಾನ ಯಾರ ಕೈಯಲ್ಲಿದೆ ಎಂಬುದನ್ನು.

ಹಾಗಾದರೆ ಏನು ಮಾಡಬಹುದು?

ನನ್ನನ್ನು ಕೇಳಿದರೆ, ಮೊದಲ ಒಂದು ತಿಂಗಳು ಮಸಾಜ್ ಬೇಡವೇ ಬೇಡ. ಅದೇ ಭಾನುವಾರ, ಅದೇ ಹೊತ್ತಿಗೆ ಹೋಗಿ. ಟೀ ಕುಡಿಯಿರಿ, ಕೂತು ಮಾತಾಡಿ, ಹೆಸರು ತಿಳಿದುಕೊಳ್ಳಿ. ಸುಮ್ನೆ ಕೂರುವುದೆಂದರೆ ನಿಮ್ಮ ಗೆಳತಿಯರಿಗೆ ಬೇಸರವಾಗಬಹುದು, ಒಬ್ಬರು ಬಿಟ್ಟೂ ಹೋಗಬಹುದು. ಆದರೂ ಇದನ್ನು ತಪ್ಪಿಸಬೇಡಿ. ಬರುವುದಿಲ್ಲ ಎಂದಿದ್ದರೆ ಹಿಂದಿನ ವಾರವೇ ಹೇಳಿ. ಬರುತ್ತೇವೆ ಎಂದು ಹೇಳಿ ಬರದೇ ಹೋದವರನ್ನು ಅವರು ಬೇಕಾದಷ್ಟು ನೋಡಿದ್ದಾರೆ.

ಆಮೇಲೆ ಕೈಗಳಿಂದ ಶುರು ಮಾಡಿ. ಅಂಗೈ, ಬೆರಳು, ಮುಂಗೈ, ಅಷ್ಟೇ. ಎದುರುಬದುರು ಕುರ್ಚಿ, ಹತ್ತು ನಿಮಿಷ. ಮುಖ ಕಾಣುತ್ತದೆ, ಕೈ ಎಳೆದುಕೊಳ್ಳುವುದು ಸುಲಭ, ಬಟ್ಟೆ ಸರಿಸಬೇಕಾಗಿಲ್ಲ. ಮೂಟೆ ಹೊತ್ತ, ಗಾರೆ ಕೆಲಸ ಮಾಡಿದ, ಕೇಟರಿಂಗ್‌ನಲ್ಲಿ ಪಾತ್ರೆ ತಿಕ್ಕಿದ ಕೈಗಳಿಗೆ ಇದು ನಿಜಕ್ಕೂ ಆರಾಮ ಕೊಡುತ್ತದೆ. ಮುಂದೆ ಯಾರಾದರೂ ತಾವಾಗಿ 'ಭುಜಕ್ಕೂ ಮಾಡ್ತೀರಾ' ಎಂದು ಕೇಳಿದರೆ ಬಟ್ಟೆಯ ಮೇಲೆಯೇ, ಪಕ್ಕದಲ್ಲಿ ನಿಂತು ಮಾಡಿ. ಮಲಗಿಸಬೇಡಿ. ಎಣ್ಣೆಯೂ ಬೇಡ. ಸ್ನಾನಕ್ಕೆ ನೀರು ಸಿಗುವುದು ಖಾತ್ರಿ ಇಲ್ಲದವರ ಮೈಗೆ ಎಣ್ಣೆ ಹಚ್ಚಿದರೆ ಧೂಳು ಅಂಟುತ್ತದೆ, ಇರುವ ಒಂದು ಹೊದಿಕೆ ಕೊಳೆಯಾಗುತ್ತದೆ, ನೆಲ ಜಾರುತ್ತದೆ.

ಕೇಳುವ ರೀತಿ ಬಹಳ ಮುಖ್ಯ. 'ಮಸಾಜ್ ಮಾಡ್ಲಾ?' ಎಂದು ಒಂದು ಸಲ ಕೇಳಿದರೆ ಆಯಿತು ಎಂದಲ್ಲ. 'ಬಲಗೈ ಕೊಡ್ತೀರಾ, ಎಡಗೈಯಾ?' 'ಇಷ್ಟು ಒತ್ತಿದ್ರೆ ಸರಿನಾ, ಕಡಿಮೆ ಮಾಡ್ಲಾ?' 'ಈಗ ಮುಂಗೈ ಹಿಡೀತೀನಿ, ಬೇಡ ಅಂದ್ರೆ ಕೈ ಎತ್ತಿ, ಅಲ್ಲಿಗೇ ನಿಲ್ಲಿಸ್ತೀನಿ.' ಜಾಗ ಬದಲಿಸುವಾಗಲೆಲ್ಲ ಹೇಳಿ. 'ನೀವು ಮಾಡಿಸಿಕೊಳ್ಳದಿದ್ದರೂ ಊಟಕ್ಕೆ, ಹಾಸಿಗೆಗೆ ಏನೂ ತೊಂದರೆ ಇಲ್ಲ' ಎನ್ನುವುದನ್ನು ಬಾಯಿಬಿಟ್ಟು ಹೇಳಬೇಕು. ಅವರೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಬಿಡಬೇಡಿ. ಕಂಬಳಿ ಹಂಚುವ ದಿನವೇ ಮಸಾಜ್ ಇಟ್ಟುಕೊಳ್ಳಬೇಡಿ. ಕಂಬಳಿಗಾಗಿ ಮೈಕೈ ಒಡ್ಡುತ್ತಾರೆ, ಅದು ಒಪ್ಪಿಗೆ ಅಲ್ಲ.

ಫೋಟೋ ತೆಗೆಯಬೇಡಿ. ಮುಖ ಮರೆಮಾಡಿಯೂ ತೆಗೆಯಬೇಡಿ. ಊರಲ್ಲಿರುವ ಮಗಳಿಗೆ 'ಬೆಂಗಳೂರಲ್ಲಿ ರೂಮ್ ಮಾಡಿಕೊಂಡಿದ್ದೇನೆ' ಎಂದು ಹೇಳಿಕೊಂಡಿರುವವರು ಅವರಲ್ಲಿದ್ದಾರೆ.

ನೀವು ಮೂವರೂ ಹೆಂಗಸರು, ಅಲ್ಲಿರುವವರು ಗಂಡಸರು. ಇದನ್ನು ಮುಜುಗರವಿಲ್ಲದೆ ಯೋಚಿಸಬೇಕು. ಎಲ್ಲರಿಗೂ ಕಾಣುವ ಜಾಗ, ತೆರೆದ ಬಾಗಿಲು, ಜೊತೆಗೆ ಶೆಲ್ಟರ್‌ನ ಒಬ್ಬರು ಇರಲಿ. ಒಬ್ಬ ಗಂಡಸು ಸ್ವಯಂಸೇವಕ ಸಿಕ್ಕರೆ ಒಳ್ಳೆಯದು. ಯಾರಿಂದ ಮಾಡಿಸಿಕೊಳ್ಳಬೇಕೆಂದು ಬಂದವರೇ ಆರಿಸಿಕೊಳ್ಳಲಿ. 'ಮಸಾಜ್' ಎಂಬ ಬೋರ್ಡೂ ಬೇಡ, ಆ ಪದಕ್ಕೆ ಊರಲ್ಲಿ ಬೇರೆ ವಾಸನೆ ಅಂಟಿದೆ. 'ಕೈ ಒತ್ತುತ್ತೇವೆ' ಅಂದರೆ ಸಾಕು. ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ನಿಲ್ಲಿಸುವ ಹಕ್ಕು ನಿಮಗೂ ಇದೆ. ಮುಂದೆ ಹೆಂಗಸರ ಶೆಲ್ಟರ್‌ಗೆ ಹೋದರೆ ಹೆಂಗಸರು ಮಾತ್ರ ಹೋಗಿ. 18 ವರ್ಷದೊಳಗಿನವರಿಗೆ ಈ ಸೇವೆ ಬೇಡ.

ಇನ್ನೊಂದು ದಾರಿ ನನಗೆ ತುಂಬ ಇಷ್ಟ. ಮುಟ್ಟದೆಯೇ ಕಲಿಸುವುದು. ಗೋಡೆಗೂ ಬೆನ್ನಿಗೂ ನಡುವೆ ಟೆನಿಸ್ ಬಾಲ್ ಇಟ್ಟುಕೊಂಡು ಉರುಳಿಸುವುದು, ತಮ್ಮ ಕೈಯನ್ನು ತಾವೇ ಒತ್ತಿಕೊಳ್ಳುವುದು, ಮೂಟೆ ಹೊತ್ತ ಮೇಲೆ ಭುಜ ಸಡಿಲಿಸುವುದು. ಯಾರ ಮೈಯನ್ನೂ ಯಾರೂ ಮುಟ್ಟಬೇಕಾಗಿಲ್ಲ, ನೀವಿಲ್ಲದ ದಿನವೂ ಉಪಯೋಗಕ್ಕೆ ಬರುತ್ತದೆ. ಕೊರತೆಯೂ ಇದೆ. ಎಷ್ಟೋ ವರ್ಷಗಳಿಂದ ಪ್ರೀತಿಯ ಸ್ಪರ್ಶವೇ ಸಿಗದವರಿಗೆ ಬಾಲ್ ಆ ಜಾಗ ತುಂಬುವುದಿಲ್ಲ. ಹಾಗಾಗಿ ಎರಡನ್ನೂ ಇಡಿ, ಆರಿಸಿಕೊಳ್ಳುವುದು ಅವರಿಗೆ ಬಿಡಿ.

ತರಬೇತಿಯ ಬಗ್ಗೆ ಕೇಳಿದ್ದೀರಿ. ಟ್ರಾಮಾ ಅರಿತು ಮಾಡುವ ಮಸಾಜ್ ಎಂದರೆ ಹೊಸ ಪಟ್ಟುಗಳಲ್ಲ. ಟ್ರಾಮಾ ಅರಿತು ಮಾಡುವ ಯಾವುದೇ ಸೇವೆಗೆಂದು ಅಮೆರಿಕದ ಒಂದು ಸರ್ಕಾರಿ ಆರೋಗ್ಯ ಸಂಸ್ಥೆ 2014ರಲ್ಲಿ ಕೆಲವು ತತ್ವಗಳನ್ನು ಬರೆಯಿತು. ಸುರಕ್ಷತೆ, ನಂಬಿಕೆ, ಅದೇ ಕಷ್ಟ ಕಂಡವರ ಆಸರೆ, ಕೂಡಿ ಮಾಡುವುದು, ಆಯ್ಕೆ, ಅವರ ಹಿನ್ನೆಲೆಯ ಅರಿವು. ನೋಡಿ, ಇದರಲ್ಲಿ ಒತ್ತುವುದರ ಬಗ್ಗೆ ಒಂದು ಮಾತೂ ಇಲ್ಲ. ನಿಮ್ಮ ಕೈಗೆ ಕೆಲಸ ಗೊತ್ತಿದೆ. ಕಲಿಯಬೇಕಾದದ್ದು ಯಾರಾದರೂ ಹೆದರಿದಾಗ ಏನು ಮಾಡಬೇಕು ಎಂಬುದನ್ನು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಇದಕ್ಕೆ ಒಳ್ಳೆಯ ಆರಂಭ. ಅದರ ಸಾರ ಮೂರು ಕೆಲಸ: ನೋಡುವುದು, ಕೇಳಿಸಿಕೊಳ್ಳುವುದು, ಸರಿಯಾದ ಕಡೆ ಸೇರಿಸುವುದು.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ. ಕೈ ತೆಗೆಯಿರಿ. ಅವರಿಗೆ ನೀವು ಕಾಣುವ ಹಾಗೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಮೆಲ್ಲಗೆ ನಿಮ್ಮ ಹೆಸರು ಹೇಳಿ, ಇದು ಯಾವ ಜಾಗ ಎಂದು ಹೇಳಿ, ಕಾಲು ನೆಲಕ್ಕೆ ಊರಲು ಹೇಳಿ, ನೀರು ಬೇಕಾ ಕೇಳಿ. 'ಏನಾಯ್ತು ನಿಮಗೆ, ಯಾರು ಏನು ಮಾಡಿದ್ರು' ಎಂದು ಕೆದಕಬೇಡಿ. ಅವರೇ ಹೇಳತೊಡಗಿದರೆ ಕೇಳಿಸಿಕೊಳ್ಳಿ. ಯಾರಾದರೂ ಮಾತಾಡಲು ಬಯಸಿದರೆ ಟೆಲಿ ಮಾನಸ್ 14416 ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಭಾರವಾದಾಗ ನೀವೂ ಮಾಡಬಹುದು.

ಕೊನೆಗೆ ಆ ಹಿರಿಯರ ವಿಷಯ. ಅವರನ್ನು ಹುಡುಕಿಕೊಂಡು ಫುಟ್‌ಪಾತ್‌ಗೆ ಹೋಗಬೇಡಿ, ಮತ್ತೆ ಬೆನ್ನು ಹತ್ತಿದರು ಅನ್ನಿಸುತ್ತದೆ. ಶೆಲ್ಟರ್‌ಗೆ ಬಂದರೆ ಎದುರಿನಿಂದ ಹೋಗಿ ಒಂದೇ ಮಾತು ಹೇಳಿ: 'ಅವತ್ತು ಕೇಳದೆ ಕುತ್ತಿಗೆ ಮುಟ್ಟಿಬಿಟ್ಟೆ ಅಣ್ಣ, ಚೀಲಾನೂ ಎತ್ತಿಟ್ಟೆ. ತಪ್ಪಾಯ್ತು.' ಅಷ್ಟು ಹೇಳಿ ಈಚೆ ಬನ್ನಿ. ಉತ್ತರಕ್ಕೆ ಕಾಯಬೇಡಿ, ಅಳಬೇಡಿ, ಅತ್ತರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರಿಗೆ ಬೀಳುತ್ತದೆ. ಕುರ್ಚಿಯನ್ನು ಬಾಗಿಲ ಕಡೆ ಮುಖ ಮಾಡಿ ಇಡಿ. ಬಂದು ಕೂತರೆ ಚೀಲ ಅವರ ತೊಡೆಯ ಮೇಲೇ ಇರಲಿ. ಬರೀ ಟೀ ಕುಡಿದು ಹೋದರೆ ಹೋಗಲಿ. ಮುಂದಿನ ಭಾನುವಾರ ಅದೇ ಹೊತ್ತಿಗೆ ನೀವು ಅಲ್ಲಿರಿ.